ಹಲೋ, ಕೇಳಿಸುತ್ತಿದೆಯೆ?

ದೂರವಾಣಿಯಲ್ಲಿ ನಮ್ಮವರು ಆಡುವ ಮೊದಲ ಮಾತು ಕುಶಲಪ್ರಶ್ನೆಯಲ್ಲ, "ಹಲೋ, ಕೇಳಿಸ್ತಾ ಇದೆಯಾ?" ಎಂಬುದು. ಎರಡನೆಯ ಮಾತೂ ಬಹುಮಟ್ಟಿಗೆ ಅದೇ. ಮೂರನೆಯದು "ಸ್ವಲ್ಪ ಈಚೆ ಬಂದು ಮಾತಾಡು" ಎಂಬ ಅಪ್ಪಣೆ. ಮಳೆ ಬೆಳೆ, ಮದುವೆ ಮುಂಜಿ, ಸಾವು ನೋವು ಏನೇ ಇರಲಿ, ಈ ಮೂರು ಮಾತುಗಳ ಹೊಸಿಲು ದಾಟಿಯೇ ಒಳಗೆ ಬರಬೇಕು. ಮುಂಬಯಿಯಲ್ಲಿ ಬಂದು ನೆಲೆಸಿದ ನಮ್ಮಂಥವರ ಪಾಲಿಗಂತೂ ಊರೆಂದರೆ, ವರ್ಷಕ್ಕೊಮ್ಮೆ ರಜೆಯಲ್ಲಿ ಕಾಣುವ ಹೆಂಚಿನ ಮನೆ ಒಂದು ಪಾಲಾದರೆ ಕಿವಿಗೆ ಒತ್ತಿ ಹಿಡಿದ ದನಿ ಮೂರು ಪಾಲು. ಆ ದನಿ ಹರಿದು ಚಿಂದಿಯಾಗಿ ಬಂದರೆ ಊರೇ ಹರಿದಂತೆ ಆಗುತ್ತದೆ. ಅದು ಹೇಗೆ ಬರುತ್ತದೆ, ಒಮ್ಮೊಮ್ಮೆ ಏಕೆ ಬಾರದು, ಅದನ್ನು ಒಪ್ಪ ಮಾಡಲು ಏನೇನು ನಡೆದಿದೆ ಎಂದು ತಿಳಿಯುವ ಚಪಲ ನನಗೆ ಕೆಲವು ವರ್ಷಗಳಿಂದ ಹತ್ತಿಕೊಂಡಿದೆ. ನಾನು ಓದಿದ್ದು ಬಿ.ಎ., ಮಾಡುವುದು ಗುಮಾಸ್ತಗಿರಿ. ವಿದ್ಯುತ್ತಿನ ವಿಷಯದಲ್ಲಿ ನನ್ನ ಅಧಿಕಾರ ಫ್ಯೂಸು ಹಾಕುವಲ್ಲಿಗೆ ನಿಲ್ಲುತ್ತದೆ. ಆದರೆ ದಪ್ಪ ಕಡತವನ್ನು ಓದಿ ಅರ್ಧ ಪುಟದ ಸಾರ ತೆಗೆಯುವ ವಿದ್ಯೆ ಸರಕಾರ ನನಗೆ ಸಂಬಳ ಕೊಟ್ಟು ಕಲಿಸಿದೆ. ಮುಂದೆ ಹೇಳುವುದಕ್ಕೆ ಅಷ್ಟೇ ಬಂಡವಾಳ.

ಹಳೆಯ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ನಮ್ಮ ಸೋದರಮಾವ ಎಪ್ಪತ್ತರ ದಶಕದಲ್ಲಿ ಈ ಊರಿಗೆ ಬಂದಾಗ ಟ್ರಂಕ್ ಕಾಲ್ ಎಂಬುದು ಹೆಸರು ಬರೆಸಿ ಕಾಯುವ ಒಂದು ವ್ರತವಾಗಿತ್ತು. ಮಧ್ಯಸ್ಥರಿಲ್ಲದೆ ದೂರದೂರಿಗೆ ನೇರವಾಗಿ ಕರೆಯುವ ಎಸ್‌ಟಿಡಿ ನಮ್ಮ ದೇಶದಲ್ಲಿ ೧೯೬೦ರ ನವೆಂಬರಿನಲ್ಲೇ ಕಾನ್ಪುರಕ್ಕೂ ಲಖನೌಗೂ ನಡುವೆ ಶುರುವಾಗಿತ್ತು. ನಮ್ಮ ಹಳ್ಳಿಗೆ ತಲಪಲು ಅದಕ್ಕೆ ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ೧೯೯೫ರ ಜುಲೈ ೩೧ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯ ಸಚಿವ ಸುಖರಾಮರಿಗೆ ಮಾಡಿದ ಕರೆ ನಮ್ಮಲ್ಲಿ ಮೊದಲ ಮೊಬೈಲು ಕರೆ. ಆಗ ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು. ಮನೆಗೆ ಬಂದ ನೆಂಟನಿಗೆ ಊಟವನ್ನೂ ಹಾಕಿ ಅವನ ಬಸ್ಸಿನ ಚಾರ್ಜನ್ನೂ ಕೊಟ್ಟ ಹಾಗೆ! ೨೦೦೩ರ ಮೇ ಒಂದರಿಂದ ಬರುವ ಕರೆ ಪುಕ್ಕಟೆಯಾಯಿತು. ಆ ದಿನದಿಂದ ನಮ್ಮ ಜನ ಮೊಬೈಲನ್ನು ಮನೆಯ ಮಗುವೆಂದು ಒಪ್ಪಿಕೊಂಡರು.

ಈಗ ದನಿಯ ವಿಚಾರ. ನಾವೆಲ್ಲ ತಿಳಿದಿರುವಂತೆ ಅಮ್ಮನ ದನಿ ಊರಿನಲ್ಲಿ ಹೊರಟು ಗಾಳಿಯಲ್ಲಿ ತೇಲಿ ನಮ್ಮ ಕಿವಿಗೆ ಬಂದು ಬೀಳುವುದಿಲ್ಲ. ಡಿಜಿಟಲ್ ಮೊಬೈಲಿನಲ್ಲಿ ದನಿ ಪ್ರಯಾಣ ಮಾಡುವುದೇ ಇಲ್ಲ. ದನಿಯ ವರದಿ ಪ್ರಯಾಣ ಮಾಡುತ್ತದೆ. ಅಮ್ಮ "ಮಗಾ" ಎಂದಾಗ ಅವಳ ಕೈಯ ಯಂತ್ರವು ಆ ಸದ್ದನ್ನು ಸೆಕೆಂಡಿಗೆ ಐವತ್ತು ಹೋಳುಗಳಂತೆ, ತೊಂಡೆಕಾಯಿ ಹೆಚ್ಚಿದ ಹಾಗೆ ಹೆಚ್ಚುತ್ತದೆ. ಒಂದೊಂದು ಹೋಳಿಗೂ ಈ ಕ್ಷಣದಲ್ಲಿ ಗಂಟಲು ಹೇಗೆ ನಡುಗುತ್ತಿತ್ತು, ಬಾಯಿ ತುಟಿಗಳ ಕೊಳವೆ ಯಾವ ಆಕಾರದಲ್ಲಿತ್ತು, ಉಸಿರು ಎಷ್ಟು ಬಲವಾಗಿತ್ತು ಎಂದು ಅಂಕೆಗಳಲ್ಲಿ ಟಿಪ್ಪಣಿ ಬರೆಯುತ್ತದೆ. ಆ ಟಿಪ್ಪಣಿ ಟವರಿಗೆ ಹೋಗಿ, ಅಲ್ಲಿಂದ ತಂತಿಯ ಮೇಲೆ ದೇಶ ಸುತ್ತಿ, ನನ್ನ ಯಂತ್ರಕ್ಕೆ ಬರುತ್ತದೆ. ನನ್ನ ಯಂತ್ರವು ಅದನ್ನು ಓದಿ, ತನ್ನೊಳಗಿರುವ ಒಂದು ಲೆಕ್ಕದ ಗಂಟಲಿನಿಂದ ಮತ್ತೊಮ್ಮೆ "ಮಗಾ" ಎನ್ನುತ್ತದೆ. ತಂತಿಯ ಡಿಜಿಟಲ್ ದೂರವಾಣಿಯಲ್ಲಿ ಒಂದು ಸೆಕೆಂಡಿನ ಮಾತಿಗೆ ೬೪ ಸಾವಿರ ಅಂಕೆ ಬೇಕಾಗುತ್ತಿತ್ತು. ಮೊಬೈಲಿನ ಮೊದಲ ತಲೆಮಾರಿನ ಡಿಜಿಟಲ್ ಪದ್ಧತಿಯಾದ ಜಿಎಸ್‌ಎಮ್ ಅದನ್ನು ೧೩ ಸಾವಿರಕ್ಕೆ ಇಳಿಸಿತು. ನಮ್ಮ ಕಚೇರಿಯಲ್ಲಿ ಐದು ಪುಟದ ಅರ್ಜಿಯನ್ನು ಒಂದು ಪುಟ ಮಾಡಿ ಮೇಲಕ್ಕೆ ಕಳಿಸುವವನಿಗೆ ಮಾತ್ರ ಇದರ ಕಷ್ಟವೂ ಸೊಗಸೂ ತಿಳಿದೀತು.

ಮಾತಿನ ಮಾದರಿ ಇಟ್ಟುಕೊಂಡು ಬರೆದ ವರದಿಯಾದ್ದರಿಂದ ಇದಕ್ಕೆ ಮನುಷ್ಯರ ಮಾತು ಬಿಟ್ಟು ಬೇರೇನೂ ಸರಿಯಾಗಿ ತಿಳಿಯದು. ಒಮ್ಮೆ ಊರಿನಲ್ಲಿ ಮೇಳದವರ ಆಟ ಆಗುತ್ತಿದ್ದಾಗ, ಇವನೂ ಕೇಳಲಿ ಎಂದು ಅಣ್ಣ ರಂಗಸ್ಥಳದ ಪಕ್ಕದಲ್ಲಿ ನಿಂತು ಮೊಬೈಲು ಎತ್ತಿ ಹಿಡಿದ. ಚೆಂಡೆಯ ಪೆಟ್ಟು ಬೀಳುತ್ತಿದ್ದರೆ ನನಗೆ ಕೇಳಿದ್ದು ಯಾರೋ ಸೀಮೆಎಣ್ಣೆ ಡಬ್ಬಿಯನ್ನು ನೀರಿನೊಳಗೆ ಎಳೆದ ಸದ್ದು. ಯಂತ್ರದ ತಪ್ಪೇನಿಲ್ಲ, ಚೆಂಡೆಗೂ ಒಂದು ಗಂಟಲಿದೆಯೆಂದು ಭಾವಿಸಿ ಅದು ಪಾಪ ಟಿಪ್ಪಣಿ ಬರೆದಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ ಮಾತಿನದಲ್ಲ, ಮೌನದ್ದು. ಇಬ್ಬರು ಮಾತನಾಡುವಾಗ ಒಬ್ಬೊಬ್ಬರೂ ಅರ್ಧ ಹೊತ್ತಿಗಿಂತ ಹೆಚ್ಚು ಸುಮ್ಮನಿರುತ್ತಾರಂತೆ (ನನ್ನಾಕೆಯ ಅಕ್ಕತಂಗಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ). ಸುಮ್ಮನಿದ್ದ ಹೊತ್ತಿನಲ್ಲಿ ವರದಿ ಕಳಿಸಿ ಬ್ಯಾಟರಿ ಸವೆಸುವುದೇಕೆ ಎಂದು ಯಂತ್ರ ಕಳಿಸುವುದನ್ನೇ ನಿಲ್ಲಿಸುತ್ತದೆ. ಆದರೆ ಆಗ ಈ ಕಡೆ ಪೂರ್ತಿ ನಿಶ್ಶಬ್ದವಾದರೆ ಕೇಳುವವನು ಕರೆ ಕಡಿದುಹೋಯಿತೆಂದು ಗಾಬರಿಯಾಗುತ್ತಾನೆ. ಅದಕ್ಕಾಗಿ ಮಾತನಾಡುವವರ ಹಿಂದೆ ಯಾವ ಬಗೆಯ ಸದ್ದಿತ್ತು ಎಂದು ಆಗಾಗ ಒಂದು ಚಿಕ್ಕ ಚೀಟಿ ಮಾತ್ರ ಬರುತ್ತದೆ; ಚೀಟಿ ನೋಡಿಕೊಂಡು ನಮ್ಮ ಯಂತ್ರವೇ ಅಂಥದೊಂದು ಮಂದವಾದ ಸದ್ದನ್ನು ಹುಟ್ಟಿಸಿ ಕಿವಿಗೆ ತುಂಬುತ್ತದೆ. ಎಂಜಿನಿಯರುಗಳು ಅದಕ್ಕೆ ಇಟ್ಟಿರುವ ಹೆಸರಿನ ಅರ್ಥ ನೆಮ್ಮದಿಯ ಸದ್ದು ಎಂದು. ಅಮ್ಮ ಮಾತು ನಿಲ್ಲಿಸಿ ಯೋಚಿಸುವಾಗ ಹಿಂದಿನಿಂದ ಜಿಟಿಜಿಟಿ ಕೇಳುವ ಮಳೆ ಊರಿನ ಮಳೆಯಲ್ಲ. ಊರಿನಲ್ಲಿ ಮಳೆಯಾಗುತ್ತಿದೆ ಎಂಬ ಚೀಟಿಯನ್ನು ನೋಡಿ ನನ್ನ ಕೈಯ ಯಂತ್ರ ಇಲ್ಲೇ ಸುರಿಸುವ ಮಳೆ. ಇದನ್ನು ತಿಳಿದ ದಿನ ನನಗೆ ಸ್ವಲ್ಪ ಬೇಸರವಾಯಿತು. ಮರುದಿನ, ಕಾಣದ ಯಾರೋ ನನ್ನ ಗಾಬರಿಯನ್ನು ಮೊದಲೇ ಎಣಿಸಿ ಇಷ್ಟು ಮುತುವರ್ಜಿ ವಹಿಸಿದ್ದಾರಲ್ಲ ಎಂದು ಸಂತೋಷವೂ ಆಯಿತು.

ಹೋಳುಗಳಲ್ಲಿ ಕೆಲವು ದಾರಿಯಲ್ಲಿ ಕೆಟ್ಟುಹೋಗುವುದುಂಟು. ಆಗ ಯಂತ್ರ ಹಿಂದಿನ ಹೋಳನ್ನೇ ಮತ್ತೆ ಬಡಿಸಿ, ಅದೂ ಸಾಲದಿದ್ದರೆ ಮೆಲ್ಲಮೆಲ್ಲನೆ ದನಿಯನ್ನು ಇಳಿಸುತ್ತದೆ. ಸಿಗ್ನಲ್ ಕಡಿಮೆಯಾದಾಗ ನಮ್ಮವರ ಮಾತು ಜಾತ್ರೆಯ ಬೊಂಬೆಯ ಮಾತಿನಂತೆ ಕೇಳುವುದಕ್ಕೆ ಇದೇ ಕಾರಣ. ಇದಕ್ಕೊಂದು ಜಾಣತನದ ಪರಿಹಾರ ಆಮೇಲೆ ಬಂತು. ಟವರು ಹತ್ತಿರವಿದ್ದು ಹಾದಿ ಚೆನ್ನಾಗಿದ್ದರೆ ಸೆಕೆಂಡಿಗೆ ೧೨,೨೦೦ ಅಂಕೆಗಳ ವಿಸ್ತಾರವಾದ ವರದಿ; ಹಾದಿ ಕೆಟ್ಟರೆ ವರದಿಯನ್ನು ೪,೭೫೦ರವರೆಗೂ ಮೊಟಕು ಮಾಡಿ, ಉಳಿದ ಜಾಗದಲ್ಲಿ ಅದನ್ನು ಕಾಯುವ ರಕ್ಷಣೆಯ ಅಂಕೆಗಳನ್ನು ತುಂಬುವುದು. ಬುತ್ತಿ ಕಡಿಮೆ, ಬಾಳೆಲೆ ಹೆಚ್ಚು. ದನಿ ಸಪ್ಪೆಯಾದರೂ ಮಾತು ಮುಟ್ಟುತ್ತದೆ. ಜಾಣತನಕ್ಕೆ ಒಂದು ಕೆಟ್ಟ ತಮ್ಮನೂ ಇದ್ದಾನೆ: ಎಂಟು ಜನ ಕೂರುವ ಬೆಂಚಿನ ಮೇಲೆ ಅರ್ಧರ್ಧ ಜಾಗ ಕೊಟ್ಟು ಹದಿನಾರು ಜನರನ್ನು ತುರುಕುವುದು. ಗಣೇಶನ ಹಬ್ಬದ ಸಂಜೆ ಕರೆ ಸಿಕ್ಕಿತಲ್ಲ ಎಂದು ಹಿಗ್ಗುವವರು ದನಿ ಏಕೆ ತೆಳ್ಳಗಾಯಿತೆಂದು ಕೇಳುವುದಿಲ್ಲ.

ಡೇಟಾದ ಸ್ವಭಾವ ಇದಕ್ಕೆ ತದ್ವಿರುದ್ಧ. ಇದನ್ನು ಅರಿತರೆ ಮೊಬೈಲು ಪ್ರಪಂಚದ ಅರ್ಧ ಜಗಳ ಅರ್ಥವಾಗುತ್ತದೆ. ಮಾತಿಗೆ ಸ್ವಲ್ಪ ಕಳೆದುಹೋದರೂ ಚಿಂತೆಯಿಲ್ಲ, ತಡವಾಗಬಾರದು. ಡೇಟಾಕ್ಕೆ ತಡವಾದರೂ ಚಿಂತೆಯಿಲ್ಲ, ಒಂದಕ್ಷರವೂ ಕಳೆಯಬಾರದು. ಮಗಳ ಅಂಕಪಟ್ಟಿ ಎರಡು ಸೆಕೆಂಡು ತಡವಾಗಿ ಬಂದರೆ ಏನು ಹೋಯಿತು? ಅದರಲ್ಲಿ ಒಂದು ಸೊನ್ನೆ ಬಿದ್ದುಹೋದರೆ ಮನೆಯಲ್ಲಿ ಕೋಲಾಹಲ. ಮಾತು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮಾರು ೧೫೦ ಮಿಲಿಸೆಕೆಂಡಿನೊಳಗೆ ತಲಪಬೇಕೆಂದು ಬಲ್ಲವರು ಹೇಳುತ್ತಾರೆ. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, "ನೀನು ಹೇಳು", "ಇಲ್ಲ, ನೀನೇ ಹೇಳು" ಎಂದು ಮರ್ಯಾದೆಯಲ್ಲೇ ಮಾತು ಮುಗಿಯುತ್ತದೆ.

ಹಳೆಯ ಪದ್ಧತಿಯಲ್ಲಿ ಮಾತಿಗೆ ಕಾದಿರಿಸಿದ ಸೀಟು. ಮಾತನಾಡಲಿ ಬಿಡಲಿ, ಕರೆ ಮುಗಿಯುವವರೆಗೆ ಆ ಸೀಟು ನಿಮ್ಮದು. ಡೇಟಾ ಬಂದ ಮೇಲೆ ಟಪ್ಪಾಲಿನ ಪದ್ಧತಿ ಬಂತು: ಎಲ್ಲವನ್ನೂ ಚಿಕ್ಕಚಿಕ್ಕ ಲಕೋಟೆ ಮಾಡಿ, ಸಂಖ್ಯೆ ಹಾಕಿ, ಜಾಗ ಸಿಕ್ಕ ಹಾಗೆ ಕಳಿಸುವುದು. ೨ಜಿಯ ಕಾಲದ ಜಿಪಿಆರ್‌ಎಸ್ ಎಂಬುದು ಮಾತಿನವರು ಬಿಟ್ಟ ಖಾಲಿ ಸೀಟಿನಲ್ಲಿ ಟಪ್ಪಾಲಿನ ಚೀಲವಿಟ್ಟ ವ್ಯವಸ್ಥೆ. ಒಂದು ಸೀಟಿನಲ್ಲಿ ಸೆಕೆಂಡಿಗೆ ೯ರಿಂದ ೨೧ ಸಾವಿರ ಅಂಕೆಗಳಷ್ಟೆ. ಒಂದು ಭಾವಚಿತ್ರ ಇಳಿಯುವಷ್ಟರಲ್ಲಿ ಕಾಫಿ ಸೋಸಿ ಕುಡಿದು ಲೋಟ ತೊಳೆದಿಡಬಹುದಾಗಿತ್ತು. ಆಮೇಲೆ ೩ಜಿ ಬಂತು. ೨೦೦೮ರ ಕೊನೆಗೆ ದಿಲ್ಲಿಯಲ್ಲಿ ಸರಕಾರಿ ಕಂಪನಿಯಿಂದ, ೨೦೧೦ರ ಹರಾಜಿನ ಬಳಿಕ ಖಾಸಗಿಯವರಿಂದ. ೨೦೧೨ರಲ್ಲಿ ಕಲ್ಕತ್ತೆಯಲ್ಲಿ, ಅದಾದ ತಿಂಗಳೊಪ್ಪತ್ತಿನಲ್ಲಿ ಬೆಂಗಳೂರಿನಲ್ಲಿ ೪ಜಿ ಬಂತು.

೪ಜಿಯಲ್ಲಿ ಒಂದು ವಿಚಿತ್ರ ನಡೆಯಿತು. ಅದು ಹುಟ್ಟಿದ್ದೇ ಟಪ್ಪಾಲಿಗಾಗಿ. ಅದರಲ್ಲಿ ಮಾತಿಗೆ ಕಾದಿರಿಸಿದ ಸೀಟೇ ಇರಲಿಲ್ಲ. ಹಾಗಾಗಿ ಕರೆ ಬಂದೊಡನೆ ಯಂತ್ರ ೪ಜಿಯ ಮಹಡಿಯಿಂದ ಇಳಿದು ೩ಜಿ, ೨ಜಿಯ ಪಡಸಾಲೆಗೆ ಓಡಿ, ಅಲ್ಲಿ ಮಾತನಾಡಿ, ಮುಗಿದ ಮೇಲೆ ಮತ್ತೆ ಮೆಟ್ಟಿಲು ಹತ್ತಬೇಕಾಗಿತ್ತು. ಕರೆ ಸೇರಲು ಕೆಲವು ಸೆಕೆಂಡು ತಡ; ಮಾತಿನ ನಡುವೆ ಡೇಟಾ ಕುಂಟುವುದು ಅಥವಾ ನಿಲ್ಲುವುದು. ದೂರವಾಣಿಯೆಂದು ಹೆಸರಿಟ್ಟುಕೊಂಡ ವಸ್ತುವಿನ ಹೊಸ ಮನೆಯಲ್ಲಿ ವಾಣಿಗೇ ಕೋಣೆಯಿಲ್ಲ! ಇದಕ್ಕೆ ಮಾಡಿದ ಏರ್ಪಾಡೇ ವೋಲ್ಟಿ. ಮಾತನ್ನೂ ಲಕೋಟೆ ಮಾಡುವುದು, ಆದರೆ ಅದಕ್ಕೆ 'ತುರ್ತು' ಎಂಬ ಕೆಂಪು ಚೀಟಿ ಅಂಟಿಸುವುದು. ಈ ಲಕೋಟೆ ನೂರರಲ್ಲೊಂದು ಕಳೆದರೂ ಕ್ಷಮೆಯುಂಟು. ಜಾಲದೊಳಗೆ ೧೦೦ ಮಿಲಿಸೆಕೆಂಡಿಗಿಂತ ತಡವಾಗಬಾರದು. ಮುಂದೆ ಹಿಂದೆ ಬಂದ ಲಕೋಟೆಗಳನ್ನು ತುದಿಯಲ್ಲಿರುವ ಯಂತ್ರ ಕಣ್ಣೆವೆಯಷ್ಟು ಹೊತ್ತು ತಡೆದು ಸಾಲುಮಾಡುತ್ತದೆ. ತೀರಾ ತಡವಾಗಿ ಬಂದದ್ದನ್ನು ಓದದೆ ಬಿಸಾಡುತ್ತದೆ. (ಎಂಥ ಅಧಿಕಾರ! ನಮ್ಮ ಕಚೇರಿಯಲ್ಲಿ ಇದು ಯಾರಿಗೂ ಇಲ್ಲ.) ೨೦೧೬ರ ಸೆಪ್ಟೆಂಬರಿನಲ್ಲಿ ೨ಜಿ, ೩ಜಿ ಯಾವುದನ್ನೂ ಇಟ್ಟುಕೊಳ್ಳದೆ ಜಿಯೋ ತನ್ನ ಜಾಲವನ್ನು ತೆರೆದಾಗ, ಇಳಿದು ಓಡಲು ಅದಕ್ಕೆ ಪಡಸಾಲೆಯೇ ಇರಲಿಲ್ಲ, ವೋಲ್ಟಿಯಿಲ್ಲದೆ ಗತ್ಯಂತರವಿರಲಿಲ್ಲ. ಉಳಿದವರೂ ಹಿಂದೆಯೇ ಬಂದರು.

ಇಲ್ಲೊಂದು ಮಾತು ಮನೆಮಂದಿಗೆ ಉಪಯೋಗವಾದೀತು. ವಾಟ್ಸಪ್ಪಿನಲ್ಲಿ ಮಾಡುವ ಕರೆಗೆ ಆ ಕೆಂಪು ಚೀಟಿ ಇರುವುದಿಲ್ಲ. ಅದು ಸಿನಿಮಾ, ಹಾಡು, ಅಡುಗೆಯ ವಿಡಿಯೋಗಳ ಜೊತೆ ಸಾಮಾನ್ಯ ಬೋಗಿಯಲ್ಲಿ ನಿಂತು ಬರುತ್ತದೆ. ಗದ್ದಲವಿಲ್ಲದ ಹೊತ್ತಿನಲ್ಲಿ ಸೊಗಸಾಗಿರುತ್ತದೆ. ರಾತ್ರಿ ಎಂಟೂವರೆಗೆ ಊರೆಲ್ಲ ವಿಡಿಯೋ ನೋಡುವಾಗ ಅದು ತೊದಲಿದರೆ, ಸಾಧಾರಣ ಕರೆಯನ್ನೇ ಮಾಡಿ ನೋಡುವುದು ಒಳ್ಳೆಯದು.

ವೋಲ್ಟಿಯ ಜೊತೆಗೆ ಬಂದ ಇನ್ನೊಂದು ಲಾಭವನ್ನು ಮೊದಲು ಕಂಡುಹಿಡಿದವಳು ನನ್ನ ಮಗಳು. ಹಳೆಯ ದೂರವಾಣಿಯಲ್ಲಿ ದನಿಯ ೩೦೦ರಿಂದ ೩,೪೦೦ ಹರ್ಟ್ಸ್‌ವರೆಗಿನ ಭಾಗ ಮಾತ್ರ ದಾಟುತ್ತಿತ್ತು. ಸ, ಶ, ಫ ಎಂಬ ಅಕ್ಷರಗಳ ಜೀವವಿರುವುದು ಬಹುಪಾಲು ಅದಕ್ಕಿಂತ ಮೇಲೆ. ಅದಕ್ಕಾಗಿಯೇ ಹೆಸರು ಹೇಳುವಾಗ "ಸರಸ್ವತಿಯ ಸ, ಶಂಕರನ ಶ" ಎಂದು ದೇವರನ್ನೆಲ್ಲ ಸಾಕ್ಷಿಗೆ ಕರೆಯಬೇಕಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ೫೦ರಿಂದ ೭,೦೦೦ ಹರ್ಟ್ಸ್‌ವರೆಗೆ ದಾಟುತ್ತದೆ. ಅಪ್ಪ ಹೊಸ ಹ್ಯಾಂಡ್‌ಸೆಟ್ಟಿನಿಂದ ಮಾತನಾಡಿದ ಮೊದಲ ಸಲ ಮಗಳು ಕೈಯಿಂದ ಮೊಬೈಲನ್ನು ಇಳಿಸಿ, "ಅಜ್ಜ ಇವತ್ತು ಹತ್ತಿರ ಇದ್ದಾರೆ" ಎಂದಳು. ಆದರೆ ಇದಕ್ಕೆ ಎರಡು ತುದಿಯ ಹ್ಯಾಂಡ್‌ಸೆಟ್ಟೂ ನಡುವಿನ ಜಾಲವೂ ಒಪ್ಪಬೇಕು. ಒಂದೇ ಕಡೆ ಇದ್ದರೆ ಹಳೆಯ ಕಿರುದಾರಿಯೇ ಗತಿ.

ಇಷ್ಟೆಲ್ಲ ವಿದ್ಯೆಯೂ ಟವರು ನಿಂತಿದ್ದರೆ ಮಾತ್ರ. ಕೆಲವು ವರ್ಷಗಳ ಹಿಂದಿನ ಒಂದು ಆಷಾಢದಲ್ಲಿ, ರಾತ್ರಿ ಎಂಟರ ಸುಮಾರಿಗೆ ಅಮ್ಮನ ಕರೆ ಬಂತು. "ಅಪ್ಪ ಸಂಕದ ಮೇಲಿಂದ ಬಿದ್ದು..." ಎಂಬಲ್ಲಿಗೆ ಕಡಿಯಿತು. ಆ ನೆಮ್ಮದಿಯ ಸದ್ದೂ ಇಲ್ಲ. ಹಳ್ಳದ ಮೇಲಿನ ಆ ಅಡಕೆಮರದ ಸಂಕವನ್ನು ಬಲ್ಲವನು ನಾನು. ಮಳೆಗಾಲದಲ್ಲಿ ಕೆಳಗೆ ಹರಿಯುವ ನೀರನ್ನೂ ಬಲ್ಲೆ. ಅಮ್ಮನಿಗೆ, ಅಣ್ಣನಿಗೆ, ಪಕ್ಕದ ಮನೆಯವರಿಗೆ, ಅಂಗಡಿಯವನಿಗೆ ಒಬ್ಬೊಬ್ಬರಿಗೂ ಹತ್ತತ್ತು ಸಲ ಮಾಡಿದೆ. ಪ್ರತಿ ಸಲವೂ ಒಬ್ಬ ಹೆಂಗಸು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಲು ವಿನಯದಿಂದ, ಅವರು ವ್ಯಾಪ್ತಿಯ ಹೊರಗಿದ್ದಾರೆ ಎಂದಳು. ಆ ಮಾತಿಗೆ ಆ ರಾತ್ರಿ ನನ್ನ ಮನಸ್ಸು ಕಟ್ಟಿದ ಅರ್ಥಗಳನ್ನು ಇಲ್ಲಿ ಬರೆಯಲಾರೆ. ಒಂದು ಮುಕ್ಕಾಲು ಗಂಟೆಯ ಮೇಲೆ ಅಣ್ಣ ಆಸ್ಪತ್ರೆಯ ದಾರಿಯಲ್ಲಿ, ಗುಡ್ಡದ ತಿರುವಿನಿಂದ ಮಾತನಾಡಿದ: ಅಪ್ಪ ಬಿದ್ದದ್ದು ಈಚೆ ದಡದ ಕೆಸರಿನಲ್ಲಿ, ಕಾಲಿನ ಗಂಟು ಮುರಿದಿದೆ, ಬೇರೇನೂ ಇಲ್ಲ. ಮಧ್ಯಾಹ್ನದಿಂದ ಕರೆಂಟು ಇರಲಿಲ್ಲವಂತೆ; ಟವರಿನ ಬ್ಯಾಟರಿ ಸರಿಯಾಗಿ ಆ ವಾಕ್ಯದ ನಡುವೆ ಮುಗಿದಿತ್ತು.

ಕರೆ ಕಡಿದರೆ ಪರಿಹಾರವೆಂದು ಪ್ರಾಧಿಕಾರವು ೨೦೧೫ರಲ್ಲಿ ಒಂದು ನಿಯಮ ಮಾಡಿತ್ತು: ಕಡಿದ ಕರೆಗೆ ಒಂದು ರೂಪಾಯಿ, ದಿನಕ್ಕೆ ಮೂರು ಕರೆಯವರೆಗೆ. ಸುಪ್ರೀಂ ಕೋರ್ಟು ೨೦೧೬ರ ಮೇ ತಿಂಗಳಲ್ಲಿ ಅದನ್ನು ರದ್ದುಮಾಡಿತು. ರದ್ದಾಗದೆ ಇದ್ದಿದ್ದರೂ ಆ ರಾತ್ರಿಯ ಬಾಬ್ತು ನನಗೆ ಸಲ್ಲುತ್ತಿದ್ದುದು ಒಂದು ರೂಪಾಯಿ. ೨೦೧೭ರಲ್ಲಿ ಅಳತೆಯ ಕ್ರಮವನ್ನು ಬಿಗಿಮಾಡಿದರು. ಅದುವರೆಗೆ ಇಡೀ ವಲಯದ ಸರಾಸರಿ ತೆಗೆದು ನೂರಕ್ಕೆ ಎರಡರೊಳಗೆ ಕರೆ ಕಡಿದರೆ ಸರಿಯೆನ್ನುತ್ತಿದ್ದರು. ನಗರದ ಒಳ್ಳೆಯ ಟವರುಗಳ ಹಿಂದೆ ಹಳ್ಳಿಯ ಕೆಟ್ಟ ಟವರು ಅಡಗಿ ಕೂರುತ್ತಿತ್ತು. ಬಳಿಕ, ನೂರರಲ್ಲಿ ತೊಂಬತ್ತು ಸೆಲ್ಲುಗಳು ತೊಂಬತ್ತು ಪಾಲು ದಿನಗಳಲ್ಲಿ ಆ ಮಿತಿಯೊಳಗೆ ಇರಬೇಕೆಂದರು. ಒಳ್ಳೆಯದೇ ಆಯಿತು. ಅಂಕಿಅಂಶದ ಮನುಷ್ಯನಾದ ನಾನು ಅದನ್ನು ಮೆಚ್ಚುತ್ತೇನೆ. ಆದರೆ ನಮ್ಮ ಮನೆ ಇರುವುದು ಉಳಿದ ಹತ್ತರಲ್ಲಿ, ಅಪ್ಪ ಬಿದ್ದದ್ದು ಉಳಿದ ಹತ್ತು ಪಾಲು ದಿನಗಳಲ್ಲೊಂದರಲ್ಲಿ.

ಮಲೆನಾಡಿನ ತೊಡಕು ಬೇರೆಯೇ. ೭೦೦, ೯೦೦ ಮೆಗಾಹರ್ಟ್ಸಿನ ಅಲೆಗಳು ದೂರ ನಡೆಯಬಲ್ಲವು, ಗುಡ್ಡದ ಅಂಚನ್ನು ಒಂದಿಷ್ಟು ಬಳಸಿ ಇಳಿಯಬಲ್ಲವು. ಆದರೆ ಹೊರೆ ಹೊರುವುದು ಕಡಿಮೆ. ಈಗಿನ ೫ಜಿಯ ೩,೩೦೦ಕ್ಕೂ ಮೇಲಿನ ಅಲೆಗಳು ಬೆಟ್ಟದಷ್ಟು ಡೇಟಾ ಹೊರುತ್ತವೆ. ಗೋಡೆಯನ್ನು, ತೋಯ್ದ ಮರವನ್ನು ಕಂಡರೆ ಕುಸಿಯುತ್ತವೆ. ೨೦೨೧ರ ಮಳೆಗಾಲದಲ್ಲಿ ಸುಳ್ಯದ ಕಡೆಯ ಒಬ್ಬ ವಿದ್ಯಾರ್ಥಿನಿ ರಸ್ತೆಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ, ಅವಳ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಇಂಥ ಊರುಗಳಿಗಾಗಿಯೇ ಕೇಂದ್ರ ಸಂಪುಟ ೨೦೨೨ರ ಜುಲೈಯಲ್ಲಿ ೨೬,೩೧೬ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಾಲ ಮುಟ್ಟದ ೨೪,೬೮೦ ಹಳ್ಳಿಗಳಿಗೆ ೪ಜಿ ಕೊಡುವುದು ಅದರ ಉದ್ದೇಶ. ೨೦೨೫ರ ಸೆಪ್ಟೆಂಬರ್ ೨೭ರಂದು ಬಿಎಸ್‌ಎನ್‌ಎಲ್ಲಿನ ದೇಶೀಯ ೪ಜಿ ಉದ್ಘಾಟನೆಯಾಯಿತು. ಅದರ ಟವರಿನ ಮೇಲಿನ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ಕಂಪನಿಯದು, ನಡುವಿನ ಮಿದುಳು ಸಿ-ಡಾಟ್ ಸಂಸ್ಥೆಯದು. ಈ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ೧೯೮೬ರಲ್ಲಿ ಹೂಡಿದ್ದು ನಮ್ಮ ಕಿತ್ತೂರಿನಲ್ಲಿ. ದೂರವಾಣಿಯ ಹೆಸರಿನಲ್ಲೇ ಒಂದು ನಗರವನ್ನಿಟ್ಟುಕೊಂಡಿರುವ ನಾಡು ನಮ್ಮದು. ಬೆಂಗಳೂರಿನ ದೂರವಾಣಿನಗರದಲ್ಲಿ ೧೯೪೮ರಿಂದ ಐಟಿಐ ಕಾರ್ಖಾನೆಯಿದೆ. ಈ ಸಂಗತಿಗಳನ್ನು ಕಚೇರಿಯ ಮರಾಠಿ ಗೆಳೆಯರಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆಂದು ಅವರು ಹೇಳುತ್ತಾರೆ.

ನಮ್ಮ ಮನೆಯ ಮಟ್ಟಿಗೆ ಪರಿಹಾರ ಬಂದದ್ದು ಆಕಾಶದಿಂದಲ್ಲ, ಕಂಬದ ಮೇಲಿಂದ. ಪೇಟೆಯ ಕೇಬಲಿನವನು ಅಡಕೆ ತೋಟದ ಅಂಚಿನಲ್ಲಿ ಫೈಬರ್ ಎಳೆದ. ಈಗಿನ ಹ್ಯಾಂಡ್‌ಸೆಟ್ಟುಗಳು ಟವರು ಸಿಗದಿದ್ದರೆ ಮನೆಯ ವೈಫೈ ಮೂಲಕವೇ ಸಾಧಾರಣ ಕರೆಯನ್ನು ಸಾಗಿಸುತ್ತವೆ. ನಮ್ಮ ದೇಶದಲ್ಲಿ ೨೦೧೯ರ ಕೊನೆಯಿಂದ ಈ ಅನುಕೂಲ ಉಂಟು. ಸೆಟ್ಟಿಂಗಿನಲ್ಲಿ 'ವೈಫೈ ಕಾಲಿಂಗ್' ಎಂಬುದನ್ನು ಒತ್ತಿದರಾಯಿತು, ಬೇರೆ ದುಡ್ಡಿಲ್ಲ. ಕರೆಂಟು ಹೋದಾಗ ವೈಫೈ ಪೆಟ್ಟಿಗೆಯೂ ನಿಲ್ಲುತ್ತದಲ್ಲ ಎಂದು ಅಣ್ಣ ಅದಕ್ಕೊಂದು ಚಿಕ್ಕ ಬ್ಯಾಟರಿ ಕಟ್ಟಿದ್ದಾನೆ. ಅಪ್ಪ ಈಗ ಜಗಲಿಯಲ್ಲಿ ಕುಂಟುಗಾಲು ಚಾಚಿ ಕೂತೇ ಮಾತನಾಡುತ್ತಾರೆ, ಗುಡ್ಡ ಹತ್ತುವುದಿಲ್ಲ.

ಅಮ್ಮನದು ಮಾತ್ರ ಇನ್ನೂ ೨ಜಿಯ ಗುಂಡಿ ಮೊಬೈಲು. ಗಾಜಿನ ಮೇಲೆ ಬೆರಳು ಎಳೆಯುವ ಹ್ಯಾಂಡ್‌ಸೆಟ್ಟು ಅವಳಿಗೆ ಬೇಡ. ಒದ್ದೆ ಕೈಗೆ ಅದು ಓಗೊಡುವುದಿಲ್ಲ, ಅವಳ ಕೈ ಒಣಗಿರುವುದೇ ಇಲ್ಲ. ಕೊಟ್ಟಿಗೆಯ ಕತ್ತಲಲ್ಲಿ ನಿಂತು ೫ರ ಮೇಲಿನ ಉಬ್ಬು ಚುಕ್ಕೆಯನ್ನು ಹೆಬ್ಬೆರಳಿನಿಂದ ತಡವಿ, ಅಲ್ಲಿಂದ ಎಣಿಸಿಕೊಂಡು ನನ್ನ ಸಂಖ್ಯೆ ಒತ್ತುತ್ತಾಳೆ. ಅವಳ ದನಿ ಈಗಲೂ ಆ ೩,೪೦೦ರ ಕಿರುದಾರಿಯಲ್ಲೇ ಬರುತ್ತದೆ. ೩ಜಿಯನ್ನು ಕಂಪನಿಗಳು ಆಗಲೇ ಮುಚ್ಚುತ್ತ ಬಂದಿವೆ. ೨ಜಿಯ ಸರದಿಯೂ ಎಂದಾದರೂ ಬಂದೀತು. ಮೊನ್ನೆ ದಾದರಿನ ಅಂಗಡಿಯೊಂದರಲ್ಲಿ ವೋಲ್ಟಿ ಇರುವ ಗುಂಡಿ ಮೊಬೈಲು ಕೇಳಿದೆ. ಅಂಗಡಿಯವನು ಕ್ಯಾಮೆರಾ, ಹಾಡು, ಬಣ್ಣ ಎಲ್ಲವನ್ನೂ ವರ್ಣಿಸಿದ. ೫ರ ಮೇಲೆ ಚುಕ್ಕೆ ಇದೆಯೆ ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಹ್ಯಾಂಡ್‌ಸೆಟ್ಟನ್ನು ನನ್ನ ಕೈಗೇ ಕೊಟ್ಟ. ಕಣ್ಣು ಮುಚ್ಚಿ ತಡವಿದೆ; ಇತ್ತು. ದಸರೆಗೆ ಹೋಗುವಾಗ ಒಯ್ಯಬೇಕು.